ತಲಾ ಅಂದರೆ ಯಾರ ತಲೆ?

2020ರ ಅಕ್ಟೋಬರ್. ಬಿಳಿಚೋಡಿನ ಚಹಾದಂಗಡಿಯಲ್ಲಿ ಪೇಪರು ಕೈಯಿಂದ ಕೈಗೆ ಹೋಗುತ್ತಿತ್ತು. ಆ ವರ್ಷ ಬಾಂಗ್ಲಾದೇಶದ ತಲಾ ಉತ್ಪನ್ನ 1,888 ಡಾಲರ್, ಭಾರತದ್ದು 1,877 ಡಾಲರ್ ಆಗುತ್ತದೆಂದು ಅಂತರರಾಷ್ಟ್ರೀಯ ಹಣಕಾಸು ನಿಧಿ ಅಂದಾಜು ಮಾಡಿತ್ತು. ಹನ್ನೊಂದು ಡಾಲರಿನ ಅಂತರ. ಹಿರಿಯರೊಬ್ಬರು ಪೇಪರು ಮಡಚಿ ಬೆಂಚಿನ ಮೇಲೆ ಎಸೆದು, "ಬಾಂಗ್ಲಾದವರೂ ನಮ್ಮನ್ನ ದಾಟಿ ಹೋದರಲ್ಲಪ್ಪಾ, ಥೂ" ಅಂದರು.

ಬಾಂಗ್ಲಾದವರೂ. ಕೊನೆಯ ಆ 'ಊ' ನನಗೆ ಹೊಸದಲ್ಲ. ನಾನು ಬಿ.ಎ. ಪಾಸಾದ ವರ್ಷ ಊರೊಳಗಿನ ಒಂದು ಜಗುಲಿ ಮೇಲಿಂದ ಕೇಳಿಬಂದಿತ್ತು: "ಕೇರಿಯವನೂ ಡಿಗ್ರಿ ಮಾಡಿಬಿಟ್ಟನಲ್ಲ." ಅದೇ ಊ. ಕೆಳಗಿದ್ದವನು ಮೇಲೆ ಬಂದರೆ ನನ್ನದೇನೋ ಕಳೆದುಹೋಯಿತು ಎನ್ನುವ ಮನಸ್ಸು. ಜಾತಿ ಕಲಿಸಿದ ಈ ಪಾಠವನ್ನು ದೇಶ ದೇಶಗಳ ಲೆಕ್ಕಕ್ಕೂ ಹೊತ್ತುಕೊಂಡು ಹೋಗಿದ್ದೇವೆ.

ದಾಟಿದ್ದು ಯಾರು, ಅದನ್ನು ಯಾರೂ ಕೇಳಲಿಲ್ಲ. 2007ರ ಸುಮಾರಿಗೆ ಬಾಂಗ್ಲಾದ ತಲಾ ಲೆಕ್ಕ ನಮ್ಮದರ ಅರ್ಧದಷ್ಟಿತ್ತು. ಅದನ್ನು ಮೇಲೆತ್ತಿದವರಲ್ಲಿ ಹಳ್ಳಿ ಬಿಟ್ಟು ಢಾಕಾದ ಹೊಲಿಗೆ ಮಿಷನ್ನಿನ ಮುಂದೆ ಕೂತ ಲಕ್ಷಾಂತರ ಹೆಣ್ಣುಮಕ್ಕಳಿದ್ದಾರೆ. 2013ರ ಏಪ್ರಿಲ್ 24ರಂದು ಅಲ್ಲಿನ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಗೋಡೆ ಬಿರುಕು ಬಿಟ್ಟದ್ದು ಹಿಂದಿನ ದಿನವೇ ಕಂಡಿತ್ತು. ಆದರೂ ಬೆಳಗ್ಗೆ ಕೆಲಸಕ್ಕೆ ಒಳಗೆ ಕಳಿಸಿದರು. ಅವರು ಹೊಲಿದ ಅಂಗಿಗಳು ಆ ವರ್ಷದ ಉತ್ಪನ್ನಕ್ಕೆ ಜಮೆಯಾದವು. ಅವರ ಸಾವು ಯಾವ ಕಾಲಮ್ಮಿನಲ್ಲೂ ಖರ್ಚು ಬೀಳಲಿಲ್ಲ.

ಕೊಳ್ಳುವ ಶಕ್ತಿಯ ಲೆಕ್ಕ ಹಿಡಿದರೆ ಭಾರತವೇ ಮುಂದೆ, 6,284ಕ್ಕೆ 5,139 ಅಂತ ನಮ್ಮವರು ಉತ್ತರ ಕೊಟ್ಟರು. ಸುಳ್ಳಲ್ಲ. ಆದರೆ ತಲಾ ಲೆಕ್ಕದಲ್ಲಿ ಹಿಂದಿದ್ದ ಕಾಲದಲ್ಲೇ ಬಾಂಗ್ಲಾದಲ್ಲಿ ಕೂಸುಗಳ ಸಾವು ನಮಗಿಂತ ಕಡಿಮೆಯಾಗಿತ್ತು, ಜನರ ಸರಾಸರಿ ಆಯಸ್ಸು ನಮಗಿಂತ ಹೆಚ್ಚಾಗಿತ್ತು. ಇದಕ್ಕೆ ಯಾರೂ ಥೂ ಅನ್ನಲಿಲ್ಲ, ನೋಡಿ.

ನಮ್ಮಲ್ಲಿ ಈ ಲೆಕ್ಕ ಹುಟ್ಟಿದ್ದೇ ಬೇರೆ ಕಾರಣಕ್ಕೆ. ದಾದಾಭಾಯಿ ನವರೋಜಿ 1876ರಲ್ಲಿ ಓದಿದ ಪ್ರಬಂಧದಲ್ಲಿ, 1867-68ರ ಇಂಡಿಯಾದಲ್ಲಿ ತಲೆಗೆ ವರ್ಷಕ್ಕೆ 20 ರೂಪಾಯಿ ಎಂದು ಲೆಕ್ಕ ಹಾಕಿದರು. ಅದನ್ನು ಜೈಲಿನ ಲೆಕ್ಕದ ಪಕ್ಕ ಇಟ್ಟರು. ಕೈದಿಯ ಊಟ ಬಟ್ಟೆಗೆ ಸರ್ಕಾರ ಮಾಡುತ್ತಿದ್ದ ಖರ್ಚೇ ಅದಕ್ಕಿಂತ ಜಾಸ್ತಿ! ಕಳ್ಳನಿಗೆ ಸಿಗುವಷ್ಟೂ ದುಡಿಯುವವನಿಗೆ ಇಲ್ಲ. ಆ ಬೆರಳು ಆಳುವವನ ಕಡೆ ತಿರುಗಿತ್ತು. ಈಗ ಅದೇ ಬೆರಳು ನೆರೆಯ ಬಡವನ ಕಡೆ ತಿರುಗಿದೆ.

ಇನ್ನೊಂದು ಮಾತು. ಭಾಗಾಕಾರದಲ್ಲಿ ಅಸ್ಪೃಶ್ಯತೆ ಇಲ್ಲ. ಅಲ್ಲಿ ಮಿಲ್ಲಿನ ಧಣಿಯದೂ ಒಂದು ತಲೆ, ನಮ್ಮವ್ವನದೂ ಒಂದು ತಲೆ. ರಾಜಕೀಯದಲ್ಲಿ ಸಮಾನತೆ, ಬದುಕಿನಲ್ಲಿ ಅಸಮಾನತೆ ಎಂಬ ವೈರುಧ್ಯದೊಳಕ್ಕೆ ನಾವು ಕಾಲಿಡುತ್ತಿದ್ದೇವೆಂದು ಬಾಬಾಸಾಹೇಬರು 1949ರ ನವೆಂಬರ್ 25ರಂದೇ ಎಚ್ಚರಿಸಿದ್ದರು. ಓಟಿನಂತೆ ಸರಾಸರಿಯಲ್ಲೂ ನಾವು ಸಮಾನರು, ಹಂಚುವಾಗ ಮಾತ್ರ ಅಲ್ಲ. ನಂಜುಂಡಪ್ಪ ಸಮಿತಿ 2002ರಲ್ಲಿ ಪಟ್ಟಿ ಮಾಡಿದ 114 ಹಿಂದುಳಿದ ತಾಲೂಕುಗಳಲ್ಲಿ ನಮ್ಮ ಜಗಳೂರೂ ಸೇರಿದೆ. ಭದ್ರಾ ನಾಲೆ ಅತ್ತ ದಾವಣಗೆರೆಯ ಗದ್ದೆಗಳಿಗೆ ಹರಿದರೆ, ಇತ್ತ ಬಿಳಿಚೋಡಿನ ಹೊಲ ಮುಗಿಲು ನೋಡುತ್ತಿತ್ತು. ಆ ಹೊಲವೂ ನಮ್ಮದಲ್ಲ ಬಿಡಿ.

ಅವತ್ತು ರಾತ್ರಿ ಅವ್ವ ಮೆಕ್ಕೆಜೋಳದ ತೆನೆ ಮುರಿಯಕ್ಕೆ ಹೋಗಿ ಬಂದು ಕೂತಿದ್ದಳು. ಅಂಗೈ ತುಂಬ ಗೀರು. ಪೇಪರಿನ ಲೆಕ್ಕದಾಗೆ ನಿನ್ನ ತಲೆಗೆ ವರ್ಷಕ್ಕೆ ಒಂದು ಲಕ್ಷದ ಮೂವತ್ತೆಂಟು ಸಾವಿರದ ಹತ್ತಿರ ಬರ್ತೈತವ್ವ ಅಂದೆ. ನಕ್ಕಳು. ಬಾಂಗ್ಲಾದವರು ನಮ್ಮನ್ನ ದಾಟಿದ ಸುದ್ದಿಯನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು:

"ಹೌದೇನೋ? ಅಲ್ಲಿ ಹೆಣ್ಣಾಳಿಗೆ ಕೂಲಿ ಎಷ್ಟು ಕೊಡ್ತಾರಂತೆ?"

ಪೇಪರಿನಲ್ಲಿ ಅದು ಇರಲಿಲ್ಲ.