ಯಾರಿಗೆ ಹೊಳೆಯಬೇಕಿತ್ತು?

ನಮ್ಮ ಮನೆಯಲ್ಲಿ ಅಮ್ಮಿಯ ಮಾತ್ರೆಗಳಿರುವುದು ಹಳೆಯ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ. ಸಣ್ಣಕ್ಷರ ಓದಲು ಕಣ್ಣು ಸಾಲದು. ಬಣ್ಣ ನೋಡಿಯೇ ಅವರು ಮಾತ್ರೆಯನ್ನು ಗುರುತಿಸುತ್ತಾರೆ. ಮೊನ್ನೆ ಅಂಗಡಿಯವನು ಬೇರೆ ಕಂಪನಿಯ ಮಾತ್ರೆ ಕೊಟ್ಟಿದ್ದ. 'ಇದು ಅದೇನಾ ನೋಡು ಬೇಟಾ' ಎಂದು ಸ್ಟ್ರಿಪ್ಪನ್ನು ನಮ್ಮ ಕೈಗಿಟ್ಟರು. ಬೆನ್ನಲ್ಲಿ 'ಆಮ್ಲೋಡಿಪಿನ್ ಬೆಸಿಲೇಟ್' ಎಂದಿತ್ತು. ಬಿ.ಪಿ. ಮಾತ್ರೆ. ಮೊದಲ ಪದ ನಮಗೆ ಗೊತ್ತು, ಎರಡನೆಯದು ಗೊತ್ತಿರಲಿಲ್ಲ. ರಸಾಯನಶಾಸ್ತ್ರ ಕಲಿಸುವ ಸ್ನೇಹಿತರನ್ನು ಕೇಳಿದೆವು. 'ಔಷಧಿ ಆಮ್ಲೋಡಿಪಿನ್ನೇ. ಅದು ಮಾತ್ರೆಯ ರೂಪದಲ್ಲಿ ಕೆಡದೆ ನಿಲ್ಲಲೆಂದು ಒಂದು ಆಮ್ಲದ ಜೊತೆ ಸೇರಿಸಿ ಲವಣ ಮಾಡುತ್ತಾರೆ. ಬೆಸಿಲೇಟ್ ಎಂದರೆ ಆ ಜೊತೆಗಾರ' ಎಂದರು.

ಆ ಜೊತೆಗಾರನ ಸಲುವಾಗಿ ಅಮೆರಿಕದಲ್ಲಿ ದೊಡ್ಡ ವ್ಯಾಜ್ಯವೇ ನಡೆದಿತ್ತು ಎಂಬುದು ಆಮೇಲೆ ತಿಳಿಯಿತು. ಅದನ್ನು ಓದುತ್ತ ಹೋದಂತೆ, ಇದು ಕೇವಲ ವಕೀಲರ ವಿಷಯವಲ್ಲ, ನ್ಯಾಯ ಅನ್ಯಾಯದ ವಿಷಯ ಎನಿಸಿತು.

ಪೇಟೆಂಟ್ ಎಂಬುದು ಸಮಾಜಕ್ಕೂ ಸಂಶೋಧಕನಿಗೂ ನಡುವಿನ ಒಂದು ಕರಾರು. ನೀನು ಕಂಡುಹಿಡಿದದ್ದನ್ನು ಎಲ್ಲರಿಗೂ ಬಿಚ್ಚಿ ಹೇಳು. ಅದಕ್ಕೆ ಪ್ರತಿಯಾಗಿ 20 ವರ್ಷ ಬೇರೆ ಯಾರೂ ಅದನ್ನು ತಯಾರಿಸದಂತೆ ನೋಡಿಕೊಳ್ಳುತ್ತೇವೆ ಎಂಬುದು ಅದರ ಸಾರ. ಆದರೆ ವಸ್ತು ಹೊಸದಾಗಿದ್ದರೆ ಮಾತ್ರ ಸಾಲದು. ಆ ವಿದ್ಯೆಯಲ್ಲಿ ನುರಿತ ಯಾರಿಗಾದರೂ ಸಹಜವಾಗಿ ಹೊಳೆಯುವಂಥದ್ದೂ ಆಗಿರಬಾರದು. ಉರ್ದುವಿನಲ್ಲಿ ಇಂಥದ್ದಕ್ಕೆ 'ಜಾಹಿರ್' ಎನ್ನುತ್ತೇವೆ. ಕನ್ನಡದ 'ಜಾಹೀರಾತು' ಅದೇ ಪದದ ಕೂಸು. ಬಯಲಲ್ಲಿ ಬಿದ್ದಿರುವುದಕ್ಕೆ ಯಾರೂ ಬೇಲಿ ಹಾಕಕೂಡದು ಎಂಬುದು ಕಾನೂನಿನ ಆಶಯ.

ಆದರೆ ಯಾರಿಗೆ ಜಾಹಿರ್? ಇಲ್ಲಿ ಕಾನೂನು ನಮ್ಮಂಥ ಕತೆಗಾರರ ಕೆಲಸಕ್ಕೆ ಕೈ ಹಾಕುತ್ತದೆ, ಒಂದು ಪಾತ್ರವನ್ನು ಸೃಷ್ಟಿಸುತ್ತದೆ. ಈ 'ನುರಿತ ವ್ಯಕ್ತಿ' ಎಲ್ಲೂ ಬದುಕಿಲ್ಲ. ತನ್ನ ವಿದ್ಯೆಯ ಬಗ್ಗೆ ಅಂದಿನವರೆಗೆ ಪ್ರಕಟವಾದದ್ದೆಲ್ಲ ಅವನಿಗೆ ತಿಳಿದಿದೆ. ಆದರೆ ಅವನು ಪ್ರತಿಭಾವಂತನಲ್ಲ, ದಡ್ಡನೂ ಅಲ್ಲ. ಅವನು ಬರಿಯ ಯಂತ್ರವಲ್ಲ, ಸಾಧಾರಣ ಮಟ್ಟದ ಸೃಜನಶೀಲತೆ ಅವನಿಗೂ ಉಂಟು ಎಂದು ಅಮೆರಿಕದ ಸುಪ್ರೀಂ ಕೋರ್ಟು 2007ರಲ್ಲಿ ಹೇಳಿತು. ಪೇಟೆಂಟ್ ಪರೀಕ್ಷಕರು ತಮ್ಮ ಬುದ್ಧಿಯನ್ನು ಬದಿಗಿಟ್ಟು ಈ ಕಲ್ಪಿತ ಮನುಷ್ಯನ ತಲೆಯೊಳಗೆ ಕೂತು ಯೋಚಿಸಬೇಕು.

ಇದು ಸುಲಭವಲ್ಲ. ಒಗಟಿನ ಉತ್ತರ ಕೇಳಿದ ಮೇಲೆ 'ಅಯ್ಯೋ, ಇಷ್ಟೇನಾ' ಎನ್ನದ ಮಗು ಇದೆಯೇ? ಪರೀಕ್ಷಕರ ಮೇಜಿಗೆ ಅರ್ಜಿ ಬರುವುದೇ ಉತ್ತರದ ಸಮೇತ. ಮತ್ತೊಬ್ಬನ ವರ್ಷಗಳ ಶ್ರಮವನ್ನು 'ಇಷ್ಟೇನಾ' ಎಂದು ತಳ್ಳಿಹಾಕುವುದು ಒಂದು ಅನ್ಯಾಯ. ಎಲ್ಲರಿಗೂ ತಿಳಿದದ್ದರ ಮೇಲೆ ಒಬ್ಬನಿಗೆ ಸುಂಕದ ಕಟ್ಟೆ ಕಟ್ಟಿಕೊಡುವುದು ಇನ್ನೊಂದು ಅನ್ಯಾಯ. ಪರೀಕ್ಷಕರು ಇವೆರಡರ ನಡುವೆ ನಡೆಯಬೇಕು.

ರಾಸಾಯನಿಕ ಸಂಯುಕ್ತಗಳಲ್ಲಂತೂ ಈ ದಾರಿ ಬಹಳ ಕಿರಿದು. ಅಣುವಿನ ಒಂದು ಮೂಲೆಯಲ್ಲಿ ಚಿಕ್ಕ ಬದಲಾವಣೆ ಮಾಡಿದರೆ ಗುಣ ಹಾಗೆಯೇ ಇರಬಹುದು, ಪೂರ್ತಿ ಬದಲಾಗಲೂಬಹುದು. ಆಮ್ಲೋಡಿಪಿನ್ ವಿಷಯವನ್ನೇ ನೋಡಿ. ಮೊದಲು ಮಾಡಿದ ಮೆಲಿಯೇಟ್ ಲವಣ ಯಂತ್ರಕ್ಕೆ ಅಂಟುತ್ತಿತ್ತು, ಕೆಡುತ್ತಿತ್ತು. ಫೈಜರ್ ಕಂಪನಿ ಬೇರೆ ಲವಣಗಳನ್ನು ಪರೀಕ್ಷಿಸಿ ಬೆಸಿಲೇಟನ್ನು ಆರಿಸಿ ಪೇಟೆಂಟ್ ಪಡೆಯಿತು. ಔಷಧಿಗಳಲ್ಲಿ ಬಳಸಬಹುದಾದ 53 ಜೊತೆಗಾರರ ಪಟ್ಟಿ 1977ರಲ್ಲೇ ಪ್ರಕಟವಾಗಿತ್ತು, ಅದರಲ್ಲಿ ಬೆಸಿಲೇಟೂ ಇತ್ತು. ಹೀಗಿರುವಾಗ ಇದು ಎಲ್ಲರೂ ಮಾಡುವ ಪರೀಕ್ಷೆಯೇ ಹೊರತು ಆವಿಷ್ಕಾರವಲ್ಲ ಎಂದು ಅಲ್ಲಿನ ಫೆಡರಲ್ ಮೇಲ್ಮನವಿ ನ್ಯಾಯಾಲಯ 2007ರ ಮಾರ್ಚ್‌ನಲ್ಲಿ ಪೇಟೆಂಟನ್ನು ತಳ್ಳಿಹಾಕಿತು. ಅದೇ ನ್ಯಾಯಾಲಯ ಅದೇ ವರ್ಷದ ಜೂನ್‌ನಲ್ಲಿ ಸಕ್ಕರೆ ಕಾಯಿಲೆಯ ಪಯೋಗ್ಲಿಟಜೋನ್ ಪೇಟೆಂಟನ್ನು ಎತ್ತಿಹಿಡಿಯಿತು. ಅದಕ್ಕೆ ತೀರ ಹತ್ತಿರದ ಹಳೆಯ ಅಣುವೊಂದು ತಿಳಿದಿತ್ತು, ನಿಜ. ಆದರೆ ಅದು ಮೈತೂಕ ಹೆಚ್ಚಿಸುತ್ತದೆ ಎಂಬುದೂ ತಿಳಿದಿತ್ತು. ನುರಿತವನು ಅದನ್ನೇ ಹಿಡಿದು ಹೊರಡಲು ಕಾರಣವಿರಲಿಲ್ಲ ಎಂಬುದು ನ್ಯಾಯಾಲಯದ ತರ್ಕ. ಎರಡರಲ್ಲೂ ಬದಲಾವಣೆ ಚಿಕ್ಕದೇ. ನ್ಯಾಯಾಲಯ ಅದರ ಗಾತ್ರ ಅಳೆಯಲಿಲ್ಲ. ಆ ದಾರಿ ಮೊದಲೇ ತೋರಿಬರುತ್ತಿತ್ತೇ ಎಂದು ಕೇಳಿತು.

ನಮ್ಮ ದೇಶ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2005ರಲ್ಲಿ ಔಷಧಿಗಳಿಗೆ ಉತ್ಪನ್ನ ಪೇಟೆಂಟ್ ಕೊಡಲು ಒಪ್ಪಿದಾಗಲೇ, ಕಾಯ್ದೆಯ 3(ಡಿ) ಕಲಮಿನಲ್ಲಿ, ತಿಳಿದ ವಸ್ತುವಿನ ಹೊಸ ರೂಪ ಹೆಚ್ಚು ಪರಿಣಾಮಕಾರಿ ಎಂದು ತೋರಿಸದ ಹೊರತು ಅದು ಆವಿಷ್ಕಾರವಲ್ಲ ಎಂದು ಬರೆಯಲಾಯಿತು. ರಕ್ತದ ಕ್ಯಾನ್ಸರಿನ ಗ್ಲಿವೆಕ್ ಔಷಧಿಯ ಹೊಸ ಹರಳಿನ ರೂಪಕ್ಕೆ ನೋವಾರ್ಟಿಸ್ ಪೇಟೆಂಟ್ ಕೇಳಿತ್ತು. 2013ರ ಏಪ್ರಿಲ್ 1ರಂದು ನ್ಯಾಯಮೂರ್ತಿಗಳಾದ ಅಫ್ತಾಬ್ ಆಲಂ ಮತ್ತು ರಂಜನಾ ಪ್ರಕಾಶ್ ದೇಸಾಯಿ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಅದನ್ನು ನಿರಾಕರಿಸಿತು. ಹರಳು ಚೆನ್ನಾಗಿ ಹರಿಯುತ್ತದೆ, ತೇವ ಕಡಿಮೆ ಹೀರುತ್ತದೆ ಎಂದರೆ ಸಾಲದು. ಔಷಧಿಯ ಪರಿಣಾಮವೆಂದರೆ ರೋಗ ಗುಣಪಡಿಸುವ ಶಕ್ತಿ ಎಂದಿತು. ಆಗ ಕಂಪನಿಯ ಮಾತ್ರೆಗೆ ತಿಂಗಳಿಗೆ ಸುಮಾರು 1,20,000 ರೂಪಾಯಿ, ಇಲ್ಲಿ ತಯಾರಾದದ್ದಕ್ಕೆ 10,000ಕ್ಕೂ ಕಡಿಮೆ ಎಂದು ಪತ್ರಿಕೆಗಳು ಬರೆದಿದ್ದವು.

ಇದಕ್ಕೆ ಆಕ್ಷೇಪವೂ ಇದೆ, ಅದನ್ನು ಹಗುರವಾಗಿ ತಳ್ಳುವಂತಿಲ್ಲ. ಬೇಸಿಗೆಯ ರಾಯಚೂರಿನಲ್ಲಿ ಫ್ರಿಜ್ಜಿಲ್ಲದ ಮನೆಗೆ, ಬಿಸಿಲಿಗೆ ಕೆಡದ ಔಷಧಿ ಚಿಕ್ಕ ಉಪಕಾರವೇನಲ್ಲ. ಅಂಥ ಕೆಲಸ ಮಾಡಿದವನಿಗೆ ಏನೂ ಸಿಗಬಾರದೇ? ಸಿಗಬೇಕು. ಆದರೆ ದುಡಿಮೆಗೆ ಕೂಲಿ ಸಲ್ಲುವುದು ಬೇರೆ, ಉಳಿದವರೆಲ್ಲರ ಕೈ ಕಟ್ಟುವ ಹಕ್ಕು ಸಿಗುವುದು ಬೇರೆ. ಎರಡನೆಯದನ್ನು ಕೇಳುವವನು ಬೆವರಿನ ಲೆಕ್ಕದ ಜೊತೆಗೆ ಇನ್ನೂ ಹೆಚ್ಚಿನದನ್ನು ತೋರಿಸಬೇಕು.

ಈಚಿನ ಒಂದು ಪ್ರಕರಣ ನಮ್ಮನ್ನು ಬಹಳ ಯೋಚನೆಗೆ ಹಚ್ಚಿದೆ. ಔಷಧಿಗೆ ಜಗ್ಗದ ಕ್ಷಯಕ್ಕೆ ಬೆಡಾಕ್ವಿಲಿನ್ ಎಂಬ ಮಾತ್ರೆ ಬಂದಿದೆ. ಅದಕ್ಕೆ ಮುಂಚೆ ತಿಂಗಳುಗಟ್ಟಲೆ ಚುಚ್ಚುಮದ್ದು ಕೊಡುತ್ತಿದ್ದರು, ಅದರಿಂದ ಎಷ್ಟೋ ಜನ ಕಿವುಡರಾದರು. ಹಾಗೆ ಶ್ರವಣ ಕಳೆದುಕೊಂಡವರಲ್ಲಿ ಇಬ್ಬರು ಮುಂಬಯಿಯ ನಂದಿತಾ ವೆಂಕಟೇಶನ್ ಮತ್ತು ದಕ್ಷಿಣ ಆಫ್ರಿಕಾದ ಫುಮೇಜಾ ಟಿಸಿಲೆ. ಮಾತ್ರೆಯ ಮೂಲ ಪೇಟೆಂಟ್ 2023ರ ಜುಲೈಗೆ ಮುಗಿಯುವುದಿತ್ತು. ಜಾನ್ಸನ್ ಅಂಡ್ ಜಾನ್ಸನ್ ಕಂಪನಿ ಅದರ ಫ್ಯುಮರೇಟ್ ಲವಣಕ್ಕೆ ಬೇರೆ ಪೇಟೆಂಟ್ ಕೇಳಿತ್ತು. ಸಿಕ್ಕಿದ್ದರೆ ಏಕಸ್ವಾಮ್ಯ 2027ರವರೆಗೆ ನಡೆಯುತ್ತಿತ್ತು. ಈ ಇಬ್ಬರು ಹೆಣ್ಣುಮಕ್ಕಳು 2019ರಲ್ಲಿ ಆಕ್ಷೇಪಣೆ ಸಲ್ಲಿಸಿದರು. 2023ರ ಮಾರ್ಚ್‌ನಲ್ಲಿ ಪೇಟೆಂಟ್ ಕಚೇರಿ ಕಂಪನಿಯ ಅರ್ಜಿಯನ್ನು ತಿರಸ್ಕರಿಸಿತು. ಮತ್ತೆ ಅದೇ ಜೊತೆಗಾರನ ಮಾತು, ಅದೇ ಪ್ರಶ್ನೆ.

ಅವರ ನೋವು ರಸಾಯನಶಾಸ್ತ್ರದ ಸಾಕ್ಷ್ಯವಲ್ಲ. ರೋಗಿ ಕಷ್ಟದಲ್ಲಿದ್ದಾನೆಂದು, ಹೊಳೆಯದ್ದನ್ನು ಹೊಳೆಯುತ್ತಿತ್ತು ಎನ್ನಲಾಗದು; ಹಾಗೆಂದರೆ ಅದೂ ಸುಳ್ಳೇ. ಪರೀಕ್ಷಕರು ಮೇಜಿನ ಮೇಲಿನ ಕಾಗದ ನೋಡಿಯೇ ತೀರ್ಮಾನಿಸಬೇಕು. ಆದರೆ ಆ ಕಾಗದಗಳನ್ನು ಹುಡುಕಿ ತಂದು 'ಇದು ಮೊದಲೇ ಗೊತ್ತಿತ್ತಲ್ಲ' ಎಂದು ಕೇಳುವವರು ಯಾರು? ಕಲ್ಪಿತ ನುರಿತ ವ್ಯಕ್ತಿ ಎದ್ದು ಬಂದು ಕೇಳುವುದಿಲ್ಲ. ಕಂಪನಿ ತನ್ನ ವಿರುದ್ಧ ತಾನೇ ಕೇಳುವುದಿಲ್ಲ. ಪೇಟೆಂಟ್ ಕೊಡುವ ಮುನ್ನ ಯಾರು ಬೇಕಾದರೂ ಆಕ್ಷೇಪಿಸಬಹುದು ಎಂಬ ಕಾಯ್ದೆಯ 25ನೇ ಕಲಮಿನ ಬೆಲೆ ಇರುವುದೇ ಇಲ್ಲಿ. 2024ರ ನಿಯಮ ತಿದ್ದುಪಡಿಯಲ್ಲಿ ಈ ಆಕ್ಷೇಪಣೆಗೆ ಶುಲ್ಕ ಬಂದಿದೆ, ಅದು ವಿಚಾರಣೆಗೆ ಯೋಗ್ಯವೇ ಎಂದು ಅಧಿಕಾರಿ ಮೊದಲು ನೋಡುವ ಕ್ರಮವೂ ಬಂದಿದೆ. ಬಾಗಿಲು ಮುಚ್ಚಿಲ್ಲ, ಕಿರಿದಾಗಿದೆ. ಸತ್ಯವನ್ನು ತೀರ್ಮಾನಿಸುವುದು ಪರಿಣತರ ಕೆಲಸವಿರಬಹುದು. ಅದನ್ನು ಕೇಳುವ ಹಕ್ಕು ಪರಿಣತರದ್ದು ಮಾತ್ರವಲ್ಲ.

ಅಮ್ಮಿ ಅಂದು ಸ್ಟ್ರಿಪ್ ಕೈಗಿಟ್ಟು ಕೇಳಿದ್ದೂ ಇದೇ: 'ಇದು ಅದೇನಾ?' ಓದಿ ನೋಡಿ 'ಅದೇ' ಎಂದೆವು. ಅವರು ನೀರು ಕುಡಿದು ಮಾತ್ರೆ ನುಂಗಿದರು.