ಇಳಿದು ಕೂಡುವವರು

ಬಿ.ಡಿ. ಜತ್ತಿಯವರ ಮಾತು ಬಂದರೆ ನಮ್ಮ ಕಡೆ ಎಲ್ಲರೂ ಎಣಿಸುವುದು ಅವರು ಏರಿದ ಮೆಟ್ಟಿಲುಗಳನ್ನು. 1912ರಲ್ಲಿ ಸಾವಳಗಿಯಲ್ಲಿ ಹುಟ್ಟಿದರು, ಜಮಖಂಡಿಯಲ್ಲಿ ವಕೀಲರಾದರು, ಪುರಸಭೆಯ ಅಧ್ಯಕ್ಷರಾದರು, ಉಪರಾಷ್ಟ್ರಪತಿಯವರೆಗೂ ಹೋದರು. ಅವರು ಇಳಿದ ಮೆಟ್ಟಿಲುಗಳೂ ಕಡಿಮೆಯಿಲ್ಲ. ನನಗೆ ಅವುಗಳ ಮೇಲೇ ಕಣ್ಣು.

ಜಮಖಂಡಿ ಆಗ ಪಟವರ್ಧನರ ಸಂಸ್ಥಾನ. (ನಮ್ಮ ರಬಕವಿ ಸಾಂಗಲಿಯದು, ಪಕ್ಕದ ಬನಹಟ್ಟಿ ಜಮಖಂಡಿಯದು. ಬೀಗತನ ಮಾಡುವಾಗ ಈ ಗಡಿಯನ್ನು ಯಾರು ಕೇಳುತ್ತಾರೆ!) ಆ ಸಂಸ್ಥಾನಕ್ಕೆ ಜತ್ತಿಯವರು ಮುಖ್ಯಮಂತ್ರಿ. 1948ರ ಮಾರ್ಚಿಯಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು, ಪದವಿಯೂ ಅದರೊಡನೆ ಹೋಯಿತು. ಅವರು ಮತ್ತೆ ವಕೀಲಿ ಹಿಡಿದರು.

1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದರು. ಆಮೇಲೆ ನಿಜಲಿಂಗಪ್ಪನವರ ಸಂಪುಟದಲ್ಲಿ ಅರ್ಥಮಂತ್ರಿಯಾಗಿ ಕೂತರು. ನಮ್ಮ ಭಾಗದವರೇ ಆದ ಎಸ್.ಆರ್. ಕಂಠಿಯವರೂ 1962ರಲ್ಲಿ ಸುಮಾರು ಮೂರು ತಿಂಗಳು ಮುಖ್ಯಮಂತ್ರಿಯಾಗಿದ್ದು, ನಿಜಲಿಂಗಪ್ಪನವರಿಗೆ ಜಾಗ ಬಿಟ್ಟು, ಅದೇ ಸಂಪುಟದಲ್ಲಿ ಮಂತ್ರಿಯಾದರು.

“ಪಾರ್ಟಿ ಬಿಡು ಅಂತು, ಬಿಟ್ರು. ಅದೇನು ದೊಡ್ಡಸ್ತಿಕಿ ಅಕ್ಕೋರ?” ಎಂದು ನನ್ನ ಜೊತೆಯ ಶಿಕ್ಷಕಿಯೊಬ್ಬರು ಕೇಳಿದರು. ಪ್ರಶ್ನೆ ಸಣ್ಣದಲ್ಲ. ಬಿಟ್ಟುಕೊಡುವುದನ್ನು ಹೆಣ್ಣುಮಕ್ಕಳಿಗೆ ತೊಟ್ಟಿಲಿನಿಂದಲೇ ಕಲಿಸಿದ್ದಾರೆ, ಅದನ್ನು ಯಾರೂ ತ್ಯಾಗವೆಂದು ಕರೆಯಲಿಲ್ಲ. ಬೇಡ ಅನ್ನುವ ಬಲವೇ ಇಲ್ಲದವಳು ಬಿಟ್ಟುಕೊಟ್ಟರೆ ಅದು ಗುಣವೇ, ಬರೀ ರೂಢಿಯೇ?

1977ರಲ್ಲಿ ಈ ಪ್ರಶ್ನೆ ಜತ್ತಿಯವರ ಎದುರಿಗೇ ಬಂತು. ಫಕ್ರುದ್ದೀನ್ ಅಲಿ ಅಹಮದರು ಫೆಬ್ರುವರಿಯಲ್ಲಿ ತೀರಿಕೊಂಡ ಮೇಲೆ ಇವರು ಹಂಗಾಮಿ ರಾಷ್ಟ್ರಪತಿ. ಹೊಸ ಜನತಾ ಸರಕಾರ ಒಂಬತ್ತು ವಿಧಾನಸಭೆಗಳನ್ನು ವಿಸರ್ಜಿಸಲು ಸಲಹೆ ಕೊಟ್ಟಿತು. ಜತ್ತಿಯವರು ಒಂದು ದಿನ ತಡೆದರು, ಮರುದಿನ ಸಹಿ ಹಾಕಿದರು. ತಡೆದದ್ದಕ್ಕೆ ಟೀಕೆ ಬಂತು. ಹಿಂದಿನ ವರ್ಷದ 42ನೆಯ ತಿದ್ದುಪಡಿಯ ಪ್ರಕಾರ ಮಂತ್ರಿಮಂಡಳದ ಸಲಹೆಯಂತೆ ನಡೆಯಲೇಬೇಕಿತ್ತು, ಹಾಗಾಗಿ ಸಹಿ ಮಾಡಿದ್ದು ಸರಿ. ಆ ಒಂದು ದಿನವೂ ನನಗೆ ತಪ್ಪೆನಿಸುವುದಿಲ್ಲ. ವಿಚಾರ ಮಾಡಿ ಹಾಕಿದ ಸಹಿಗೂ ಸುಮ್ಮನೆ ಒತ್ತಿದ ಹೆಬ್ಬೆಟ್ಟಿಗೂ ಫರಕು ಇದೆಯಲ್ಲ.

ಜುಲೈಯಲ್ಲಿ ಸಂಜೀವ ರೆಡ್ಡಿಯವರು ರಾಷ್ಟ್ರಪತಿಯಾದರು. ಜತ್ತಿಯವರು ಮತ್ತೆ ಉಪರಾಷ್ಟ್ರಪತಿಯಾಗಿ 1979ರವರೆಗೆ ಕೆಲಸ ಮಾಡಿದರು. ಶಾಲೆಯಲ್ಲಿ ಇನ್‌ಚಾರ್ಜ್ ಹೆಡ್‌ಮಿಸ್ಟ್ರೆಸ್ ಆಗಿದ್ದವರಿಗೆ ಇದು ಗೊತ್ತು: ಕೀಲಿಕೈ ಗೊಂಚಲು ಕೊಟ್ಟ ಮರುದಿನ ಖಡು ಡಬ್ಬಿ ಹಿಡಿದು ಐದನೇ ಇಯತ್ತೆಗೆ ಹೋಗಬೇಕು, ಸ್ಟಾಫ್ ರೂಮಿನಲ್ಲಿ ಯಾರೂ ಎದ್ದು ನಿಲ್ಲುವುದಿಲ್ಲ.