ಸಭೆಯಲ್ಲಿ ನಡುಗುವದೂ ಬೀಳುವದೂ ಆತ್ಮನ ಗುರುತೋ?

ನಮ್ಮ ಹಳ್ಳಿಸಭೆಗಳಲ್ಲಿ ಒಂದು ಪ್ರಶ್ನೆಯು ಬಹು ದಿವಸಗಳಿಂದ ಮನೆಮನೆಗೂ ಹೋಗಿ ಬರುತ್ತಲಿದೆ. ಪ್ರಾರ್ಥನಾಕೂಟದಲ್ಲಿ ಒಬ್ಬನು ಮೈ ನಡುಗಿ ನೆಲಕ್ಕೆ ಬೀಳುತ್ತಾನೆ. ಒಬ್ಬಳು ತಡೆಯಲಾರದೆ ನಗುತ್ತಾಳೆ, ಇಲ್ಲವೆ ಗೋಳಿಟ್ಟು ಅಳುತ್ತಾಳೆ. ಮತ್ತೊಬ್ಬನ ಕೈಗಳು ಗಾಳಿಗೆ ಸಿಕ್ಕಿದ ಬಾಳೆಯೆಲೆಯಂತೆ ಅದುರುತ್ತವೆ. ಇದು ಪವಿತ್ರಾತ್ಮನ ಕಾರ್ಯವೆಂದು ಕೆಲವರು ಕೈಯೆತ್ತಿ ಸ್ತೋತ್ರಮಾಡುತ್ತಾರೆ. ಇದು ದೆವ್ವದ ಆಟ, ಇಲ್ಲವೆ ಬರೀ ನಟನೆ ಎಂದು ಕೆಲವರು ಎದ್ದು ಹೊರಗೆ ಹೋಗುತ್ತಾರೆ. ಈ ಎರಡು ಪಕ್ಷದವರ ನಡುವೆ ಒಬ್ಬ ಬಡ ವಿಧವೆಯು ಮೂಲೆಯಲ್ಲಿ ಕೂತು, ನನ್ನ ಮೈ ಒಂದು ದಿನವಾದರೂ ನಡುಗಲಿಲ್ಲವಲ್ಲಾ, ಕರ್ತನು ನನ್ನನ್ನು ಕೈಬಿಟ್ಟನೋ ಏನೋ ಎಂದು ಒಳಗೊಳಗೇ ಕುಂದುತ್ತಾಳೆ. ನಾವು ಮುಖ್ಯವಾಗಿ ಅವಳ ನಿಮಿತ್ತವೇ ಇದನ್ನು ಬರೆಯುತ್ತೇವೆ.

ಮೈ ನಡುಗುವದು ನಮ್ಮ ನಾಡಿನವರಿಗೆ ಹೊಸದಲ್ಲ. ತುಳುನಾಡಿನ ಕೋಲದಲ್ಲಿ ಪಾತ್ರಿಗೆ ದರ್ಶನ ಬರುವದನ್ನೂ ಘಟ್ಟದ ಮೇಲಣ ಊರುಗಳಲ್ಲಿ ದೇವಿ ಮೈಮೇಲೆ ಬರುವದನ್ನೂ ನೋಡದವರು ಯಾರು? ಆದಕಾರಣ ದೇಹವು ಅದುರಿದ ಕೂಡಲೆ ಯಾರೋ ಬಂದರೆಂದು ಎಣಿಸುವ ಅಭ್ಯಾಸವು ನಮ್ಮಲ್ಲಿ ಬೇರೂರಿದೆ; ಬಂದವರು ಯಾರೆಂಬದಷ್ಟೇ ವಾದ. ಆದರೆ ಯಾರಾದರೂ ಬಂದೇ ಇರಬೇಕೆಂಬ ನೇಮವೇನು? ಒಬ್ಬನ ಮೈ ಬಿಸಿಯಾಗಿದ್ದರೆ ಅವನಿಗೆ ಜ್ವರವೆಂದು ಕೂಡಲೆ ಹೇಳಬಹುದೋ? ಅವನು ಬಿಸಿಲಲ್ಲಿ ನಡೆದು ಬಂದಿರಬಹುದು, ಒಲೆಯ ಮುಂದೆ ಕೂತು ಎದ್ದಿರಬಹುದು. ಹಾಗೆಯೇ ಎರಡು ದಿನದ ಉಪವಾಸ, ಇಕ್ಕಟ್ಟಾದ ಕೋಣೆಯ ಸೆಕೆ, ಧ್ವನಿವರ್ಧಕದ ಮುಂದೆ ಮೂರು ತಾಸು ಹೊಡೆದ ಡೋಲು, ವರ್ಷಗಟ್ಟಲೆ ಯಾರ ಮುಂದೆಯೂ ಹೇಳದ ದುಃಖ, ಪಕ್ಕದವಳು ಬಿದ್ದದ್ದನ್ನು ಕಂಡ ಭಯ, ಹತ್ತು ಜನರ ಕಣ್ಣಿಗೆ ಬೀಳಬೇಕೆಂಬ ಆಶೆ, ಪರಿಶುದ್ಧನಾದ ದೇವರ ಮುಂದೆ ತನ್ನ ಪಾಪವನ್ನು ಕಂಡ ನಿಜವಾದ ತಲ್ಲಣ, ಇವೆಲ್ಲವೂ ಒಂದೇ ದೇಹದಲ್ಲಿ ಒಂದೇ ತರದ ನಡುಕವನ್ನು ಹುಟ್ಟಿಸಬಲ್ಲವು. ಒಂದೇ ಗಳಿಗೆಯಲ್ಲಿ ಇವುಗಳಲ್ಲಿ ಮೂರುನಾಲ್ಕು ಸೇರಿರುವದೂ ಉಂಟು. ಹೀಗಿರಲಾಗಿ ನಡುಕವನ್ನು ನೋಡಿ ಕಾರಣವನ್ನು ನಿರ್ಣಯಿಸುವದು ಹೇಗೆ?

ಸತ್ಯವೇದವು ಈ ವಿಷಯದಲ್ಲಿ ನಮಗಿಂತ ಬಹಳ ಎಚ್ಚರಿಕೆಯುಳ್ಳದ್ದಾಗಿದೆ. ದಾನಿಯೇಲನು ದರ್ಶನವನ್ನು ಕಂಡು ಬಲಹೀನನಾಗಿ ಬಿದ್ದನು. ದಮಸ್ಕದ ಮಾರ್ಗದಲ್ಲಿ ಸೌಲನು ಬಿದ್ದನು. ಇವು ನಮಗೆ ಬಾಯಿಪಾಠವಾಗಿವೆ. ಆದರೆ ಬಿದ್ದವರು ಬೇರೆಯವರೂ ಇದ್ದಾರೆ. ಮಾರ್ಕನ 9ನೇ ಅಧ್ಯಾಯದ ಹುಡುಗನು ಅಶುದ್ಧಾತ್ಮದಿಂದ ನೆಲಕ್ಕೆ ಬಿದ್ದು ಹೊರಳಾಡಿದನು. ಯೋಹಾನನ 18ನೇ ಅಧ್ಯಾಯದಲ್ಲಿ ಕರ್ತನನ್ನು ಹಿಡಿಯಬಂದ ಸಿಪಾಯಿಗಳು ಆತನ ಒಂದು ಮಾತಿಗೆ ಹಿಂದಕ್ಕೆ ಸರಿದು ನೆಲಕ್ಕೆ ಬಿದ್ದರು. ಅವರನ್ನು ಬೀಳಿಸಿದ್ದು ದೇವರ ಬಲವೇ ಎಂಬದರಲ್ಲಿ ಸಂಶಯವಿಲ್ಲ. ಬಿದ್ದವರು ಎದ್ದು ಏನು ಮಾಡಿದರು? ಆತನ ಕೈಗಳನ್ನು ಕಟ್ಟಿ ಎಳಕೊಂಡು ಹೋದರು. ಅರಸನಾದ ಸೌಲನ ಸಂಗತಿಯಂತೂ ಇನ್ನೂ ಭಯಂಕರವಾದದ್ದು. ಒಂದನೇ ಸಮುವೇಲನ ಪುಸ್ತಕದ 19ನೇ ಅಧ್ಯಾಯದಲ್ಲಿ ದೇವರ ಆತ್ಮವೇ ಅವನ ಮೇಲೆ ಬಂದು, ಅವನು ಒಂದು ಹಗಲೂ ರಾತ್ರಿಯೂ ಬಟ್ಟೆಯ ಪರಿವೆಯಿಲ್ಲದೆ ಬಿದ್ದಿದ್ದನು. ಮುಂದಿನ ಅಧ್ಯಾಯವನ್ನು ಓದಿರಿ: ದಾವೀದನ ಪಕ್ಷವನ್ನು ಹಿಡಿದನೆಂದು ಸ್ವಂತ ಮಗನಿಗೇ ಈಟಿಯನ್ನು ಎಸೆದನು. ಆತ್ಮವು ನಿಜ, ಬಿದ್ದದ್ದು ನಿಜ, ಹೃದಯವು ಮಾತ್ರ ಇದ್ದಲ್ಲಿಯೇ ಇತ್ತು. ಬೀಳುವಿಕೆಯನ್ನು ರಕ್ಷಣೆಯ ರಸೀದಿಯೆಂದು ಎಣಿಸುವವರು ಈ ಎರಡು ಅಧ್ಯಾಯಗಳನ್ನು ಜೊತೆಯಾಗಿ ಓದಬೇಕೆಂದು ಕೇಳಿಕೊಳ್ಳುತ್ತೇವೆ.

ಇದನ್ನು ಓದಿ ತಲೆದೂಗುವವರಿಗೂ ಒಂದು ಮಾತುಂಟು. ಹನ್ನಳು ತುಟಿಯಾಡಿಸುತ್ತಾ ಪ್ರಾರ್ಥಿಸಿದಾಗ ಅವಳು ಕುಡಿದಿದ್ದಾಳೆಂದು ತೀರ್ಪು ಕೊಟ್ಟವನು ಊರಿನ ಪುಂಡನಲ್ಲ, ಯಾಜಕನಾದ ಏಲಿಯು. ಪಂಚಾಶತ್ತಮ ದಿನದಲ್ಲಿ ಮದ್ಯದ ಮಾತನ್ನೆತ್ತಿ ನಕ್ಕವರೂ ದೇವಭಕ್ತರ ನಡುವಿನಲ್ಲಿಯೇ ಇದ್ದರು. ಉಪದೇಶಿಗಳಾದ ನಮ್ಮಂಥವರಿಗೆ ಆರಾಧನೆಯು ಗಡಿಯಾರದಂತೆ ನಡೆಯುವದೇ ಇಷ್ಟ. ನಮ್ಮ ಪ್ರಸಂಗಕ್ಕೆ ಅಡ್ಡಿ ಬಂದರೆ ಅದನ್ನು ದೇವರಿಗೆ ಬಂದ ಅಡ್ಡಿಯೆಂದು ಬೇಗನೆ ನಂಬಿಬಿಡುತ್ತೇವೆ. ಒಬ್ಬ ಕೂಲಿಹೆಂಗಸು ವಾರವೆಲ್ಲಾ ಬಾಯಿ ಮುಚ್ಚಿಕೊಂಡಿದ್ದು ಭಾನುವಾರ ದೇವರ ಮುಂದೆ ಕೂಗಿಕೊಂಡರೆ, ಅದು ಅಕ್ರಮವೆಂದು ಹೇಳುವದಕ್ಕೆ ಮೊದಲು ಅವಳ ವಾರವು ಹೇಗಿತ್ತೆಂದು ವಿಚಾರಿಸುವದು ನ್ಯಾಯ.

ಈ ಪ್ರಶ್ನೆಯನ್ನು ನಮಗಿಂತ ಮುಂಚೆ ಆಳವಾಗಿ ವಿಚಾರಿಸಿದವನು ಅಮೇರಿಕದ ನಾರ್ಥಾಂಪ್ಟನ್ ಊರಿನ ಸಭಾಪಾಲಕನಾದ ಜೋನಾಥನ್ ಎಡ್ವರ್ಡ್ಸ್. 1740ರ ಸುಮಾರಿಗೆ ಆ ಸೀಮೆಯಲ್ಲಿ ಉಜ್ಜೀವನವು ಹಬ್ಬಿದಾಗ ಜನರು ಪ್ರಸಂಗದ ನಡುವೆಯೇ ಕೂಗಿ ಮೂರ್ಛೆ ಹೋಗುತ್ತಿದ್ದರು. 1741ನೇ ಇಸವಿಯಲ್ಲಿ ಅವನು ಯೇಲ್ ವಿದ್ಯಾಶಾಲೆಯಲ್ಲಿ ಮಾಡಿದ ಪ್ರಸಂಗದಲ್ಲಿ, ದೇಹದ ಇಂಥ ವಿಕಾರಗಳಿಂದ ಕಾರ್ಯವು ದೇವರದೆಂದೂ ಸ್ಥಾಪಿಸಲಾಗದು, ದೇವರದಲ್ಲವೆಂದೂ ಸ್ಥಾಪಿಸಲಾಗದು ಎಂದು ತೋರಿಸಿ, ಯೋಹಾನನ ಒಂದನೇ ಪತ್ರಿಕೆಯ 4ನೇ ಅಧ್ಯಾಯದಿಂದ ಬೇರೆ ಗುರುತುಗಳನ್ನು ಎತ್ತಿಕೊಟ್ಟನು. ಕ್ರಿಸ್ತನ ಮೇಲಣ ಗೌರವವು ಹೆಚ್ಚುತ್ತದೋ, ಪಾಪದ ಮೇಲೆ ಹಗೆ ಹುಟ್ಟುತ್ತದೋ, ದೇವರ ವಾಕ್ಯದ ಹಸಿವು ಬರುತ್ತದೋ, ನೆರೆಯವನ ಪ್ರೀತಿ ಬೆಳೆಯುತ್ತದೋ ಎಂಬದೇ ಅವನು ಹಿಡಿದ ಅಳತೆ. ಮರುವರ್ಷ ಅವನ ಹೆಂಡತಿ ಸಾರಳಿಗೇ ಇಂಥ ಅನುಭವವಾಗಿ ದೇಹದ ಬಲವೆಲ್ಲಾ ಉಡುಗಿಹೋಯಿತು. ಅವನು ಅದನ್ನು ಅಚ್ಚುಮಾಡಿಸುವಾಗ ಅವಳ ಹೆಸರನ್ನು ಹೇಳಲಿಲ್ಲ, ಹೆಂಗಸೆಂಬದನ್ನೂ ಹೊರಪಡಿಸಲಿಲ್ಲ. ಆ ವ್ಯಕ್ತಿಯು ಆಮೇಲೆ ದಿನದ ಕೆಲಸವನ್ನು ಹೆಚ್ಚು ಸಂತೋಷದಿಂದ ಮಾಡಿದ ಸಂಗತಿಯನ್ನು ಮಾತ್ರ ತಪ್ಪದೆ ಬರೆದನು. ಬಿದ್ದವರ ಚಿತ್ರವನ್ನು ಕೈಫೋನಿನಲ್ಲಿ ಹಿಡಿದು ಊರೂರಿಗೆ ಕಳುಹಿಸುವ ನಮ್ಮ ಕಾಲದವರು ಆ ಗಂಡನ ಮರ್ಯಾದೆಯನ್ನು ಸ್ವಲ್ಪ ಯೋಚಿಸಲಿ.

ಅದೇ ಉಜ್ಜೀವನದಲ್ಲಿ ಜೇಮ್ಸ್ ಡೇವನ್‌ಪೋರ್ಟ್ ಎಂಬ ಬೋಧಕನು 1743ರಲ್ಲಿ ನ್ಯೂ ಲಂಡನ್ ಪಟ್ಟಣದಲ್ಲಿ ಭಕ್ತರ ಗ್ರಂಥಗಳನ್ನು ಬೀದಿಯಲ್ಲಿ ಸುಡಿಸಿದನು. 1744ರಲ್ಲಿ, ತನ್ನನ್ನು ನಡಿಸಿದ್ದು ಸುಳ್ಳಾತ್ಮವೆಂದೂ ಆ ದಿನಗಳಲ್ಲಿ ತನ್ನ ಮೈಯಲ್ಲಿ ಜ್ವರವಿತ್ತೆಂದೂ ತಾನೇ ಅಚ್ಚುಮಾಡಿಸಿ ಅರಿಕೆಮಾಡಿದನು. ಇಂಗ್ಲೆಂಡಿನಲ್ಲಿ ಚಾರ್ಲ್ಸ್ ವೆಸ್ಲಿಯ ಉಪಾಯವು ಬೇರೆ. ನ್ಯೂಕ್ಯಾಸಲ್‌ನಲ್ಲಿ 1743ನೇ ಇಸವಿಯಲ್ಲಿ ಕೂಗಾಟದಿಂದ ಅವನ ಅರ್ಧ ಮಾತು ಕೇಳಿಸದೆ ಹೋಯಿತು. ಮತ್ತೊಂದು ರಾತ್ರಿ, ತನ್ನ ಸ್ವರವು ಮುಳುಗುವಂತೆ ಕೂಗುವವರನ್ನು ಹೊತ್ತು ಕೋಣೆಯ ಕಡೇ ಮೂಲೆಯಲ್ಲಿ ಇಡಲಾಗುವದು ಎಂದು ಮೊದಲೇ ಸಾರಿದನು. ಹೊರುವವರಿಗೆ ಆ ರಾತ್ರಿಯೆಲ್ಲಾ ಕೆಲಸವೇ ಇರಲಿಲ್ಲವಂತೆ! ನಗು ಬರುವ ಸಂಗತಿಯೇ. ಆದರೂ ಒಂದು ಊರಿನ ಕೂಗಾಟವು ನಿಂತದ್ದರಿಂದ ಎಲ್ಲಾ ಕೂಗೂ ಸುಳ್ಳೆಂದು ಹೇಳಕೂಡದು. ಅವನ ಅಣ್ಣನಾದ ಜಾನನು 1739ರಲ್ಲಿ ಬ್ರಿಸ್ಟಲಿನಲ್ಲಿ ಅನೇಕರು ಬಿದ್ದದ್ದನ್ನು ಕಂಡವನು. ಇವುಗಳನ್ನು ಅತಿಯಾಗಿ ಎಣಿಸುವದೂ ಅಪಾಯ, ತೀರ ಕಡಿಮೆಯಾಗಿ ಎಣಿಸುವದೂ ಅಪಾಯ ಎಂಬ ಅಭಿಪ್ರಾಯಕ್ಕೆ 1759ರ ಹೊತ್ತಿಗೆ ಬಂದಿದ್ದನು.

ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತೆ ರಮಾಬಾಯಿಯು ಕೇಡಗಾಂವದಲ್ಲಿ ನಡಿಸಿದ ಮುಕ್ತಿಸದನದ ಸುದ್ದಿಯನ್ನು ಅನೇಕರು ಕೇಳಿರಬಹುದು. 1905ರ ಜೂನ್ ತಿಂಗಳಲ್ಲಿ ಅಲ್ಲಿನ ಹುಡುಗಿಯರು ಅತ್ತರು, ನಡುಗಿದರು, ಒಳಗೆ ಬೆಂಕಿ ಉರಿಯುತ್ತದೆಂದರು. ಒಬ್ಬಳನ್ನು ಕಂಡ ಮೇಲ್ವಿಚಾರಕಳು ನಿಜವಾದ ಬೆಂಕಿಯೆಂದೇ ಎಣಿಸಿ ನೀರು ತರಲು ಓಡಿದಳೆಂದು ಅಲ್ಲಿ ಸೇವೆಯಲ್ಲಿದ್ದ ಮಿನ್ನಿ ಅಬ್ರಾಮ್ಸಮ್ಮನವರು ಬರೆದಿದ್ದಾರೆ. ಆ ಹುಡುಗಿಯರಲ್ಲಿ ಅನೇಕರು ಕ್ಷಾಮದಲ್ಲಿ ದಿಕ್ಕಿಲ್ಲದೆ ಬಂದವರು, ಲೋಕವು ಬೇಡವೆಂದು ಬಿಟ್ಟವರು. ನಮ್ಮ ಮನಸ್ಸಿಗೆ ಹಿಡಿಯುವದು ಬೆಂಕಿಯಲ್ಲ. ಅವರು ಗುಂಪುಗುಂಪಾಗಿ ಸುತ್ತಣ ಹಳ್ಳಿಗಳಿಗೆ ಹೋಗಿ ಇತರರಿಗಾಗಿ ಪ್ರಾರ್ಥಿಸಿ ಸುವಾರ್ತೆ ಹೇಳಿದ್ದು.

ಇದೆಲ್ಲಾ ಹಳೇ ಕಾಲದ್ದೆಂದು ತಿಳಿಯಬೇಡಿರಿ. 1994ರ ಜನವರಿ 20ರಂದು ಕೆನಡಾದ ಟೊರಾಂಟೋದಲ್ಲಿ ವಿಮಾನನಿಲ್ದಾಣದ ಸಮೀಪದ ಒಂದು ಚಿಕ್ಕ ಸಭೆಯಲ್ಲಿ ಜನರು ನಕ್ಕು ಬೀಳತೊಡಗಿದರು. ದೇಶದೇಶಗಳಿಂದ ಜನ ಬಂದು ಸೇರಿದರು. ಕೆಲವರು ಸಿಂಹದಂತೆ ಗರ್ಜಿಸಿದಾಗ ಅದಕ್ಕೂ ಪ್ರವಾದನೆಯ ಅರ್ಥವನ್ನು ಹುಡುಕಲಾಯಿತು. ಆ ಸಭೆಯು ಸೇರಿದ್ದ ವೈನ್‌ಯಾರ್ಡ್ ಒಕ್ಕೂಟವು 1995ರ ಡಿಸೆಂಬರಿನಲ್ಲಿ ಅದರೊಂದಿಗಿನ ಸಂಬಂಧವನ್ನು ಬಿಟ್ಟಿತು. ಆ ಒಕ್ಕೂಟದವರೂ ಆತ್ಮನ ವರಗಳನ್ನು ನಂಬುವವರೇ ಎಂಬದನ್ನು ಗಮನಿಸಿರಿ. ಜನರು ಬಿದ್ದದ್ದು ಅವರಿಗೆ ಹೊಸದಾಗಿರಲಿಲ್ಲ. ವಾಕ್ಯದ ಆಧಾರವಿಲ್ಲದ ವಿಚಿತ್ರಗಳಿಗೆ ಅರ್ಥ ಕಟ್ಟುವದೇ ಅವರ ಮನಸ್ಸನ್ನು ಕಲಕಿತು.

ಇಲ್ಲಿ ಒಬ್ಬ ಹಿರಿಯನು ನಮ್ಮನ್ನು ತಡೆದು, ಅಯ್ಯಾ, ಫಲದಿಂದ ಮರವನ್ನು ತಿಳಿಯಬೇಕೆನ್ನುತ್ತೀರಿ, ಸರಿ. ಮಾವಿನ ಗಿಡವು ಫಲ ಕೊಡುವದಕ್ಕೆ ಐದಾರು ವರ್ಷ ಬೇಕು, ಈ ಭಾನುವಾರ ನಾವೇನು ಮಾಡಬೇಕು ಎಂದು ಕೇಳಬಹುದು. ಪ್ರಶ್ನೆಯು ಗಟ್ಟಿಯಾದದ್ದು. ನಮಗೆ ತೋಚುವದೇನಂದರೆ, ಕಾರಣವು ತಿಳಿಯುವ ತನಕ ಆ ಘಟನೆಯ ಮೇಲೆ ಏನನ್ನೂ ಕಟ್ಟಕೂಡದು. ಬಿದ್ದವನನ್ನು ಆ ಕಾರಣದಿಂದಲೇ ಮುಂದಿನ ಸಾಲಿಗೆ ಕರೆಯುವದು ಬೇಡ. ಅವನಿಗೆ ಬೋಧಿಸುವ ಅಧಿಕಾರವನ್ನೂ ಅವನ ಹೆಸರಿನಲ್ಲಿ ಕಾಣಿಕೆಯ ಚೀಲವನ್ನೂ ಎತ್ತುವದು ಬೇಡ. ಬೀಳದವರನ್ನು ಕೀಳಾಗಿ ಕಾಣುವದಂತೂ ಬೇಡವೇ ಬೇಡ. ಹಣೆಯ ಮೇಲೆ ಕೈಯಿಟ್ಟು ಹಿಂದಕ್ಕೆ ನೂಕುವ ಬೋಧಕರ ವಿಷಯದಲ್ಲಿ ನಮ್ಮ ಮಾತು ಚಿಕ್ಕದು: ಮನುಷ್ಯನ ಕೈಯಿಂದ ಆಗುವದಕ್ಕೆ ಆತ್ಮನ ಹೆಸರನ್ನು ಇಡುವದು ದೇವರ ನಾಮವನ್ನು ವ್ಯರ್ಥವಾಗಿ ಎತ್ತುವದೇ ಸರಿ. ಕೊರಿಂಥದವರಿಗೆ ಪೌಲನು ಬರೆದ ಒಂದನೇ ಪತ್ರಿಕೆಯ 14ನೇ ಅಧ್ಯಾಯವು ವರಗಳನ್ನು ತಡೆಯುವದಿಲ್ಲ. ಒಬ್ಬೊಬ್ಬರಾಗಿ ಮಾತಾಡಲಿ, ಅರ್ಥ ಹೇಳುವವನಿಲ್ಲದಿದ್ದರೆ ಸುಮ್ಮನಿರಲಿ ಎಂಬ ಅಪ್ಪಣೆಯನ್ನು ಕೊಡುತ್ತದೆ. ಸುಮ್ಮನಿರಲು ಶಕ್ತಿಯೇ ಇಲ್ಲದವನಿಗೆ ಇಂಥ ಅಪ್ಪಣೆಯನ್ನು ಯಾರು ಕೊಟ್ಟಾರು?

ಆದರೆ ನಿಜವಾಗಿಯೇ ತನ್ನನ್ನು ತಡೆಯಲಾರದವರು ಕೆಲವರುಂಟು. ಇವರ ವಿಷಯದಲ್ಲಿ ತಡಮಾಡಬಾರದು. ಕೈಕಾಲು ಸೆಡೆತು, ಬಾಯಲ್ಲಿ ನೊರೆ ಬಂದು, ಎಚ್ಚರವಾದ ಮೇಲೆ ನಡೆದದ್ದೇನೂ ನೆನಪಿಲ್ಲದಿದ್ದರೆ ಅದು ಮೂರ್ಛೆರೋಗವಾಗಿರಬಹುದು. ಅದಕ್ಕೆ ಔಷಧವಿದೆ; ದಿನವೂ ತಪ್ಪದೆ ತಕ್ಕೊಂಡರೆ ಬಹು ಜನರಿಗೆ ಸೆಳವು ನಿಲ್ಲುತ್ತದೆ. ಅಂಥ ಹುಡುಗಿಯನ್ನು ಅಭಿಷೇಕ ಹೊಂದಿದವಳೆಂದು ಮೆರೆಸುವದಾಗಲಿ ದೆವ್ವ ಹಿಡಿದವಳೆಂದು ಹೊಡೆಯುವದಾಗಲಿ ಕ್ರೂರತನವೇ. ಗುಳಿಗೆ ಬಿಟ್ಟರೆ ನಂಬಿಕೆ ಹೆಚ್ಚುವದೆಂದು ಬೋಧಿಸುವವನು ಒಂದು ಜೀವಕ್ಕೆ ಉತ್ತರ ಕೊಡಬೇಕಾದೀತು. ಅವಳನ್ನು ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಿರಿ, ಹಿಡಿದು ಅದುಮಬೇಡಿರಿ, ಕೈಯಲ್ಲಿ ಕಬ್ಬಿಣ, ಬಾಯಲ್ಲಿ ನೀರು ಹಾಕಬೇಡಿರಿ, ಸುತ್ತ ನಿಂತವರನ್ನು ಸರಿಸಿ ಗಾಳಿ ಬಿಡಿರಿ. ಸೆಳವು ಐದು ನಿಮಿಷಕ್ಕೂ ನಿಲ್ಲದಿದ್ದರೆ ಗಾಡಿ ಕರೆಸಿ ಆಸ್ಪತ್ರೆಗೆ ಒಯ್ಯಿರಿ. ಸಭೆಯ ತಾಯಂದಿರಲ್ಲಿ ಒಬ್ಬರು ಅವಳ ಪಕ್ಕದಲ್ಲಿ ಕೂತಿರಲಿ. ಮಿಕ್ಕವರು ಕೀರ್ತನೆಯನ್ನು ಮುಂದುವರಿಸಬಹುದು.